ಮನೆಮಂದಿಯೆಲ್ಲ ಸೇರಿ ಪಟ ಹಾರಿಸೋದು ಹೇಗೆ? ನಮ್ಮಲ್ಲಿ ಹಾರಿಸೋರು ಒಬ್ಬರೇ, ಉಳಿದವರು ದಾರ ಸುತ್ತುವ ಚರಕಿ ಹಿಡಿಯೋರು

ದಾರದಕ್ಕ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಬಳ್ಳಾರಿ, ಕೌಲ್ ಬಜಾರ್ ಕಡೆ. ನಾನು ಮನೆಯಲ್ಲೇ ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ಮಾಡುತ್ತೇನೆ. ಹೊಲಿಗೆ ಮುಗಿದ ಪ್ಯಾಂಟುಗಳು ಮೂಟೆಗಟ್ಟಲೆ ಮನೆಗೆ ಬರುತ್ತವೆ. ಜೇಬಿನ ಹತ್ತಿರ, ಪಟ್ಟಿಯ ಹತ್ತಿರ ನೇತಾಡುವ ದಾರವನ್ನೆಲ್ಲ ಕತ್ತರಿಸಿ ಕೊಡಬೇಕು. ಒಂದು ಪೀಸಿಗೆ ಇಷ್ಟು ಅಂತ ಲೆಕ್ಕ. ಮನೆಯವರು ಟೈಲರ್. ಮಗಳು ಐದನೇ ಕ್ಲಾಸು, ಮಗ ಒಂದನೇ ಕ್ಲಾಸು. ಅತ್ತೆಗೆ 68 ವರ್ಷ, ಮೊಣಕಾಲು ನೋವು. ಭಾನುವಾರ ಬಂತೆಂದರೆ ಒಬ್ಬೊಬ್ಬರು ಒಂದೊಂದು ಮೂಲೆ. ಮೂರು ಮೊಬೈಲು, ಒಂದು ಟಿವಿ.

ಈ ಸಂಕ್ರಾಂತಿಗೆ ಎಲ್ಲರೂ ಸೇರಿ ಪಟ ಹಾರಿಸೋಣ ಅಂದೆ. ಊರ ಹೊರಗೆ ಒಂದು ಖಾಲಿ ಲೇಔಟಿಗೆ ಹೋದೆವು. ಮಂಡಕ್ಕಿ ಒಗ್ಗರಣೆ, ಮಿರ್ಚಿ, ನೀರಿನ ಕ್ಯಾನು, ಅತ್ತೆ ಕೂರೋಕೆ ಕೌದಿ, ಎಲ್ಲ ಇತ್ತು. ಗಾಳಿ ಮಾತ್ರ ಇರಲಿಲ್ಲ. ಎಂಟು ಪಟ ತಂದಿದ್ದೆವು, ಪ್ಲಾಸ್ಟಿಕ್ಕಿನವು, ಮೇಲೆ ಕಾರ್ಟೂನ್ ಚಿತ್ರ. ಮಗ ಓಡಿದ್ದೇ ಓಡಿದ್ದು. ಓಡುವಷ್ಟು ಹೊತ್ತು ಪಟ ಬೆನ್ನ ಹಿಂದೆ ಬರುತ್ತಿತ್ತು, ನಿಂತ ಕೂಡಲೇ ನೆಲಕ್ಕೆ. ಎರಡು ಪಟ ಬಳ್ಳಾರಿ ಜಾಲಿಯ ಮುಳ್ಳಿಗೆ ಸಿಕ್ಕಿ ಹರಿದವು. ನಮ್ಮೂರಿನ ಹೆಸರೇ ಇಟ್ಟುಕೊಂಡ ಗಿಡ, ನಮಗೇ ಶತ್ರು.

ಆಮೇಲೆ ಸಂಜೆ ಸ್ವಲ್ಪ ಗಾಳಿ ಬಂತು. ಮನೆಯವರು ಒಂದನ್ನು ಏರಿಸಿದರು. ಆಹಾ, ಏರಿಸಿದರಲ್ಲ, ಮುಗೀತು. ಪಕ್ಕದಲ್ಲಿ ಯಾರೋ ಹುಡುಗರು ಹಾರಿಸುತ್ತಿದ್ದರು, ಅವರ ಜೊತೆ ಪೇಚಿಗೆ, ಅಂದರೆ ಒಬ್ಬರ ದಾರ ಒಬ್ಬರು ಕತ್ತರಿಸುವ ಪೈಪೋಟಿಗೆ, ಬಿದ್ದರು. ಮಗಳ ಕೈಗೆ ಚರಕಿ ಕೊಟ್ಟು "ಬಿಡು, ಸುತ್ತು, ಬಿಡು" ಅಂತ ಒಂದು ಗಂಟೆ. ಅವಳಿಗೆ ಆಕಾಶ ನೋಡೋಕೂ ಪುರುಸೊತ್ತಿಲ್ಲ. ದಾರ ಅಂಗಡಿಯವನು ಕೊಟ್ಟದ್ದು ಹೊಳೆಯುವ ದಾರ. ಅದು ಸರ್ರನೆ ಬಿಟ್ಟಾಗ ಮಗಳ ಬೆರಳು ಕೊಯ್ದುಕೊಂಡಿತು.

ಇಷ್ಟಾಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಮನೆಗೆ ಹೊರಟಾಗ ಜಾಲಿ ಗಿಡದಲ್ಲಿ ಒಂದು ಬೆಳ್ಳಕ್ಕಿ ರೆಕ್ಕೆ ಬಡಿಯುತ್ತಿತ್ತು. ಕಾಲಿಗೆ ದಾರ. ನಮ್ಮದೋ, ಬೇರೆಯವರದೋ, ಬಣ್ಣ ಒಂದೇ. ಮನೆಯವರು ಟವೆಲ್ ಹಾಕಿ ಹಿಡಿದರು. ನನ್ನ ಚೀಲದಲ್ಲಿ ಜೀನ್ಸ್ ಕಟ್ಟರ್ ಯಾವಾಗಲೂ ಇರುತ್ತದೆ. ಎಂಟು ಹತ್ತು ಸುತ್ತು ಬಿಗಿದಿತ್ತು, ಚರ್ಮಕ್ಕೆ ತಾಗದಂತೆ ಒಂದೊಂದೇ ಎಳೆ ಕತ್ತರಿಸಿದೆ. ದಿನಕ್ಕೆ ಇನ್ನೂರು ಪ್ಯಾಂಟು ಮಾಡುವ ಕೈ ನಡುಗಿತು. ಹಾರಿಹೋಯಿತು, ಆದರೆ ಒಂದು ಕಾಲು ಜೋತು ಬಿದ್ದಿತ್ತು. ಮಗಳು ಈಗ ಪಟದ ಹೆಸರು ಎತ್ತಿದರೆ ಎದ್ದು ಹೋಗುತ್ತಾಳೆ.

ನನ್ನ ಪ್ರಶ್ನೆಗಳು. ಯಾವ ತಿಂಗಳು ಹಾರಿಸಬೇಕು? ಯಾವ ದಾರ? ಮನೆಯಲ್ಲಿ ಜೀನ್ಸ್ ಹೊಲಿಯುವ ದಾರದ ಕೋನ್ ಬೇಕಾದಷ್ಟಿವೆ, ಗಟ್ಟಿ, ಅದನ್ನೇ ಬಳಸಬಹುದಾ? ಆರು ವರ್ಷದವನಿಂದ ಅತ್ತೆಯ ತನಕ ಎಲ್ಲರಿಗೂ ಏನಾದರೂ ಕೆಲಸ ಇರುವ ಹಾಗೆ ಹೇಗೆ ಮಾಡೋದು?

ಇನ್ನೊಂದು. ನನ್ನ ತವರು ರಾಯಚೂರು. ಅಣ್ಣಂದಿರು ಮಾಳಿಗೆ ಮೇಲೆ ಪತಂಗ ಹಾರಿಸುವಾಗ ನಾನೇ ಚರಕಿ ಹಿಡಿಯುತ್ತಿದ್ದೆ. "ಅವ್ವಾ, ನಾನೂ ಒಂದ್ಸಲ" ಅಂದರೆ, ಹುಡುಗೇರು ಮಾಳಿಗೆ ತುದಿಗೆ ಹೋಗಬಾರದು ಅನ್ನುತ್ತಿದ್ದಳು. ನನಗೀಗ 36. ಇವತ್ತಿನ ತನಕ ಒಂದು ಪಟದ ದಾರವನ್ನೂ ನಾನು ಹಿಡಿದಿಲ್ಲ.

ಎರೆಹೊಲದ ಮಾಸ್ತರ, ಯಲಬುರ್ಗಾ

ಅಕ್ಕಾ, ಮೊದಲು ತಿಂಗಳ ಮಾತು. ತಪ್ಪು ನಿಮ್ಮದಲ್ಲ, ಕ್ಯಾಲೆಂಡರಿನದು. ಸಂಕ್ರಾಂತಿಗೆ ಪಟ ಅನ್ನೋದು ಗುಜರಾತು, ಹೈದರಾಬಾದಿನ ಕಡೆಯಿಂದ ಬಂದ ರೂಢಿ. ನಮ್ಮ ಭಾಗದಲ್ಲಿ ಜನವರಿಯ ಗಾಳಿ ಮೂಡಣದಿಂದ ಬರುತ್ತದೆ, ಮೆಲ್ಲಗೆ ಬರುತ್ತದೆ, ಮನಸ್ಸಿಲ್ಲದಿದ್ದರೆ ಬರೋದೇ ಇಲ್ಲ. ನಮ್ಮದು ಆಷಾಢದ ಗಾಳಿ. ಮಳೆಗಾಲ ಶುರುವಾದ ಮೇಲೆ ಪಡುವಣದಿಂದ ಒಂದೇ ಸಮನೆ ಬೀಸುತ್ತದೆ. ದೊಡ್ಡಬಳ್ಳಾಪುರದಲ್ಲಿ ಗಾಳಿಪಟ ಸ್ಪರ್ಧೆ ಇಡೋದೂ ಆಷಾಢದಲ್ಲೇ. ನಮ್ಮ ಯಲಬುರ್ಗಾ, ಕುಕನೂರು ಸುತ್ತ ಗಾಳಿ ಫ್ಯಾನುಗಳನ್ನು ಸುಮ್ನೆ ನಿಲ್ಲಿಸಿದ್ದಾರಾ? ನಮ್ಮ ಶಾಲೆ ಹುಡುಗರಿಗೆ ಹವಾಮಾನ ಆ್ಯಪು ಬೇಡ. ದೂರದ ಫ್ಯಾನು ನೋಡಿ "ಸರ್, ಇವತ್ತು ನಡೀತದೆ" ಅನ್ನುತ್ತಾರೆ.

ನೀವು ಮೊಬೈಲ್ ನೋಡುವುದಾದರೆ ಗಂಟೆಗೆ 10ರಿಂದ 25 ಕಿಲೋಮೀಟರ್ ಗಾಳಿ ಇರಲಿ. ಅದಕ್ಕಿಂತ ಜಾಸ್ತಿ ಇದ್ದರೆ ಹಾಳೆ ಹರಿಯುತ್ತದೆ, ಮಕ್ಕಳ ಕೈಗೆ ಹತೋಟಿ ಸಿಗೋಲ್ಲ. ಆಷಾಢದಲ್ಲಿ ಮಧ್ಯಾಹ್ನ ಗಾಳಿ ಹುಚ್ಚು ಹಿಡಿದಂತೆ ಇರುತ್ತದೆ. ನಾಲ್ಕೂವರೆ ಮೇಲೆ ಹೋಗಿ.

ಪಟ ಕೊಳ್ಳಬೇಡಿ, ಮಾಡಿ. ಅರ್ಧ ಸಂತೋಷ ಮಾಡೋದರಲ್ಲೇ ಇದೆ, ಮತ್ತು ಅದರಲ್ಲಿ ಎಲ್ಲರಿಗೂ ಕೆಲಸ ಸಿಗುತ್ತದೆ. ಒಂದೂವರೆ ಅಡಿ ಚೌಕದ ತೆಳು ಬಣ್ಣದ ಹಾಳೆ. ಬಿದಿರಿಗೆ ಪೇಟೆ ಅಲೆಯಬೇಡಿ, ಮನೆಯಲ್ಲಿ ಹಳೆಯ ಬುಟ್ಟಿ ಇದ್ದರೆ ಅದರ ಸೀಳು ಬಿಚ್ಚಿ ಚಾಕುವಿನಿಂದ ಸವರಿ. ಒಂದು ಕಡ್ಡಿ ತಲೆಯಿಂದ ಬಾಲಕ್ಕೆ ನೇರ. ಇನ್ನೊಂದು ಬಿಲ್ಲಿನಂತೆ ಬಗ್ಗಬೇಕು. ಅಂಟಿಗೆ ಅನ್ನದ ಅಗಳು ಸಾಕು. ಹಾಳೆಯ ಅಂಚಿಗೆ ಒಂದು ಎಳೆ ದಾರ ಇಟ್ಟು ಮಡಚಿ ಅಂಟಿಸಿದರೆ ಬೇಗ ಹರಿಯೋಲ್ಲ. ಹೋದ ವರ್ಷ ನಾನು ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಮಾಡಿಸಿದ್ದೆ. ಭಾರಕ್ಕೆ ಏರಲೇ ಇಲ್ಲ. "ಗಣಿತದ್ದು ಅಲ್ವಾ ಸರ್" ಅಂದ ಒಬ್ಬ.

ಈಗ ಸೂತ್ರ, ಅಂದರೆ ಹಾರಿಸುವ ದಾರ ಸೇರಿಸೋಕೆ ಪಟಕ್ಕೆ ಕಟ್ಟುವ ಎರಡೆಳೆ. ಪಟ ಏರದಿದ್ದರೆ ನೂರಕ್ಕೆ ತೊಂಬತ್ತು ಸಲ ಕಾರಣ ಇದೇ. ಕಡ್ಡಿಗಳು ಒಂದರ ಮೇಲೊಂದು ಹಾಯುವ ಜಾಗದಲ್ಲಿ ಎರಡು ತೂತು ಮಾಡಿ, ಎರಡೂ ಕಡ್ಡಿ ಸೇರಿಸಿ ದಾರ ಕಟ್ಟಿ. ಬಾಲದ ತುದಿಯಿಂದ ಒಂದು ಗೇಣು ಮೇಲೆ ನಡುಕಡ್ಡಿಗೆ ಇನ್ನೊಂದು ಕಟ್ಟಿ. ಎರಡೂ ಎಳೆ ಕೂಡಿಸಿ ಗಂಟು ಹಾಕುವಾಗ ಮೇಲಿನ ಎಳೆ ಕೆಳಗಿನದಕ್ಕಿಂತ ಒಂದು ಬೆರಳಿನಷ್ಟು ಗಿಡ್ಡ ಇರಲಿ. ಮೇಲಿನದು ಉದ್ದವಾದರೆ ಪಟ ಗಾಳಿಗೆ ಎದೆ ಕೊಟ್ಟು ನಿಂತುಬಿಡುತ್ತದೆ, ಕೈ ಎಳೆಯುತ್ತದೆ, ಏರೋಲ್ಲ. ತೀರಾ ಗಿಡ್ಡವಾದರೆ ಪಟಪಟ ಬಡಿದುಕೊಂಡು ಮುಗ್ಗರಿಸುತ್ತದೆ. ಆ ಗಂಟನ್ನು ಮೊದಲು ಬಿಗಿಯಬೇಡಿ. ಹಾರಿಸಿ ನೋಡಿ, ಜರುಗಿಸಿ, ಆಮೇಲೆ ಬಿಗಿಯಿರಿ.

ಸೂತ್ರ ಹಿಡಿದು ಎತ್ತಿದಾಗ ಪಟ ಒಂದು ಕಡೆ ವಾಲಿದರೆ, ಹಗುರ ಇರುವ ಕಡೆ ಒಂದು ಚೂರು ಕಾಗದ ಅಂಟಿಸಿ. ಗಿರಗಿರ ತಿರುಗಿದರೆ ಬಾಲಂಗೋಚಿ ಉದ್ದ ಮಾಡಿ. ಹಳೆಯ ಸೀರೆಯ ಅಂಚು ಹರಿದು ಪಟದ ಐದಾರು ಪಟ್ಟು ಉದ್ದ ಕಟ್ಟಿದರೆ ಎಂಥ ಪೋಕರಿ ಪಟವೂ ಸಭ್ಯ ಆಗುತ್ತದೆ.

ಮಗನಿಗೆ ಓಡಬೇಡ ಅನ್ನಿ. ಅವನನ್ನು ಗಾಳಿ ಹೋಗುವ ದಿಕ್ಕಿಗೆ ಮೂವತ್ತು ಹೆಜ್ಜೆ ದೂರ ಪಟ ಹಿಡಿದು ನಿಲ್ಲಿಸಿ. ನೀವು ಗಾಳಿಗೆ ಬೆನ್ನು ಮಾಡಿ ದಾರ ಬಿಗಿ ಹಿಡಿಯಿರಿ. "ಬಿಡು" ಅಂದಾಗ ಅವನು ಕೈ ಬಿಟ್ಟರೆ ಸಾಕು. ಯಾರೂ ಓಡೋದು ಬೇಡ.

ಜೀನ್ಸ್ ದಾರ ಬೇಡ ಅಕ್ಕಾ. ಅದು ಪಾಲಿಯೆಸ್ಟರ್. ಗಿಡದಲ್ಲಿ ಉಳಿದರೆ ವರ್ಷಗಟ್ಟಲೆ ಕೊಳೆಯೋಲ್ಲ. ನಿಮ್ಮ ಅತ್ತೆ ಕೌದಿ ಹೊಲಿಯುತ್ತಾರಾ? ಕೌದಿಯ ಹತ್ತಿ ದಾರಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಪೇಚ್‌ವಾಲಾ, ರಾಯಚೂರು

ಮಾಸ್ತರ್ರೇ, ಎಲ್ಲ ಸರಿ. ಆದರೆ ಸಂಕ್ರಾಂತಿಯನ್ನು ಹಾಗೆ ತಳ್ಳಿಹಾಕಬೇಡಿ. ನಮ್ಮ ರಾಯಚೂರಿನಲ್ಲಿ ಆ ದಿನ ಮಾಳಿಗೆ ಮೇಲೆ ಕಾಲಿಡೋಕೆ ಜಾಗ ಇರೋಲ್ಲ. ಗಾಳಿ ಕಡಿಮೆ ಇದ್ದರೆ ಪತಂಗ ಹಗುರ ಇರಬೇಕು, ಅಷ್ಟೇ. ಪ್ಲಾಸ್ಟಿಕ್ ತಂದು ಗಾಳಿಗೆ ಬೈದರೆ ಹೇಗೆ? ನಾವು ಹೈದರಾಬಾದಿನ ಧೂಲ್‌ಪೇಟೆಯಿಂದ ತರಿಸುತ್ತಿದ್ದೆವು. ಉಸಿರು ಬಿಟ್ಟರೆ ಏಳುತ್ತಿದ್ದವು. ಮತ್ತೆ, ಪತಂಗ ಅನ್ನಿ. ಗಾಳಿಪಟ ಅಂದರೆ ಪಾಠದ ಪುಸ್ತಕ ಓದಿದ ಹಾಗಾಗುತ್ತದೆ.

ಅಕ್ಕಾ, ನಿಮ್ಮ ಮನೆಯವರ ಮೇಲೆ ಸಿಟ್ಟಾಗಬೇಡಿ. ಪೇಚ್ ಅನ್ನೋದು ಹಾಗೆಯೇ. ಎದುರಿನ ದಾರ ನಮ್ಮದಕ್ಕೆ ತಾಗಿದ ಕೂಡಲೇ ಹೆಂಡತಿ ಮಕ್ಕಳು ಯಾರೂ ಕಾಣಿಸೋಲ್ಲ. ಢೀಲ್ ಕೊಟ್ಟು ದಾರ ಬಿಡಬೇಕಾ, ಖೆಂಚಿ ಎಳೆಯಬೇಕಾ, ಅಷ್ಟೇ ತಲೆಯಲ್ಲಿ. ನಾನೂ ಹಾಗೇ ಇದ್ದೆ. ಟ್ಯೂಬ್‌ಲೈಟ್ ಕುಟ್ಟಿ ಪುಡಿ ಮಾಡಿ, ಅನ್ನದ ಗಂಜಿಗೆ ಕಲಸಿ, ಎರಡು ಕಂಬದ ನಡುವೆ ದಾರ ಕಟ್ಟಿ ಉಜ್ಜುತ್ತಿದ್ದೆವು. ಹೀಗೆ ಹರಿತ ಮಾಡಿದ ದಾರವೇ ಮಾಂಜಾ. ಬಲಗೈ ತೋರುಬೆರಳಿನಲ್ಲಿ ಈಗಲೂ ನಾಲ್ಕು ಗೀರುಗಳಿವೆ. ಆಗ ಅವನ್ನು ಮೆಡಲ್ ಅಂದುಕೊಂಡಿದ್ದೆ.

ಬಿಟ್ಟದ್ದು ಯಾಕೆ ಅಂದರೆ, ಒಂದು ಸಲ ನನ್ನ ಪತಂಗ ಕಾಟ್ ಆಯಿತು, ಪೇಚಿನಲ್ಲಿ ದಾರ ಕಡಿಯಿತು. ದಾರ ಮಾಳಿಗೆಯಿಂದ ರಸ್ತೆಗೆ ಅಡ್ಡ ಬಿತ್ತು. ಕೆಳಗೆ ಹಾಲಿನವನು ಸೈಕಲ್ ಮೇಲೆ ಬರುತ್ತಿದ್ದ. ಕುತ್ತಿಗೆಗೆ ಬರಬೇಕಾದ್ದು ಗದ್ದಕ್ಕೆ ಬಂತು. ಮೂರು ಹೊಲಿಗೆ. ಮರುದಿನ ನಮ್ಮ ಮನೆಗೆ ಹಾಲು ಹಾಕೋಕೂ ಅವನೇ ಬಂದ, ಗದ್ದಕ್ಕೆ ಪಟ್ಟಿ ಕಟ್ಟಿಕೊಂಡು. ಏನೂ ಅನ್ನಲಿಲ್ಲ. ಅವತ್ತೇ ಚರಕಿ ಅಟ್ಟಕ್ಕೆ ಎಸೆದೆ.

ಈಗ ಕಾನೂನೂ ಇದೆ. ನೈಲಾನ್ ಮತ್ತು ಸಿಂಥೆಟಿಕ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈ 11ರಂದೇ ದೇಶಕ್ಕೆಲ್ಲ ನಿಷೇಧ ಮಾಡಿದೆ. ನಮ್ಮ ರಾಜ್ಯದಲ್ಲಿ ಗಾಜು, ಲೋಹ ಹಚ್ಚಿದ ದಾರವನ್ನೂ ಬಳಸುವಂತಿಲ್ಲ. ಬರೀ ಹತ್ತಿ ದಾರ. ನಿಮ್ಮ ಅಂಗಡಿಯವನು ಕೊಟ್ಟ ಹೊಳೆಯುವ ದಾರ ಮಾರೋದೇ ತಪ್ಪು.

ಒಂದು ತಮಾಷೆ ಹೇಳುತ್ತೇನೆ. 1934ರ ವಿಮಾನ ಕಾಯ್ದೆಯಲ್ಲಿ ವಿಮಾನ ಅಂದರೆ ಏನು ಅಂತ ಹೇಳುವ ಕಡೆ ಪತಂಗವನ್ನೂ ಸೇರಿಸಿದ್ದರು. ನಮ್ಮಪ್ಪನಿಗೆ ಇದು ಗೊತ್ತಿದ್ದರೆ "ಮಗ ಮಾಳಿಗೆ ಮೇಲೆ ಪೋಲಿ ಅಲೀತಾನೆ" ಅನ್ನುವ ಬದಲು ಪೈಲಟ್ ಅನ್ನುತ್ತಿದ್ದರೋ ಏನೋ.

ದಾರದಕ್ಕ, ಬಳ್ಳಾರಿ

ಮಾಸ್ತರ್ರೇ, ಅತ್ತೆ ಕೌದಿ ಹೊಲಿಯುತ್ತಾರೆ, ದಾರ ಕೇಳಿದ್ದಕ್ಕೆ ಮೊದಲು "ಯಾಕೆ?" ಅಂದರು. ಹೇಳಿದೆ. "ಎಷ್ಟು ಮಾರು ಬೇಕು?" ಅಂದರು. ಅರ್ಧ ಒಪ್ಪಿದ ಹಾಗೆ. ಅಣ್ಣಾ, ಹಾಲಿನವನ ಕಥೆಯನ್ನು ಮನೆಯವರಿಗೆ ಓದಿ ಹೇಳಿದೆ. ಸುಮ್ಮನೆ ಎದ್ದು ಹೋಗಿ ಆ ಹೊಳೆಯುವ ದಾರದ ಉಂಡೆಯನ್ನು ಕತ್ತರಿಯಿಂದ ಚೂರು ಚೂರು ಮಾಡಿದರು. ಆ ಚೂರು ಹೆಕ್ಕಲಿಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು, ಅದು ಬೇರೆ ಮಾತು.

ಕಂಬ ಹತ್ತುವವ, ಸಿಂಧನೂರು

ನಾನು ಲೈನ್‌ಮನ್. ಉಳಿದದ್ದೆಲ್ಲ ನೀವು ಮಾತಾಡಿದ್ದೀರಿ, ನನ್ನದು ಒಂದೇ ಮಾತು. ಪಟ ತಂತಿಗೆ ಸಿಕ್ಕರೆ ಬಿಟ್ಟುಬಿಡಿ. ಕೋಲಿನಿಂದ ತೆಗೆಯೋದು, ಕಲ್ಲು ಕಟ್ಟಿದ ಲಂಗರ್ ಎಸೆಯೋದು, ಕಂಬ ಹತ್ತೋದು ಯಾವುದೂ ಬೇಡ. ದಾರ ಹಿಡಿದು ಜಗ್ಗಲೂಬೇಡಿ. ಜಗ್ಗಿದರೆ ಎರಡು ತಂತಿ ಒಂದಕ್ಕೊಂದು ತಾಗುತ್ತವೆ. ಹತ್ತಿ ದಾರ ಒಣಗಿದ್ದಾಗ ಪರವಾಗಿಲ್ಲ ಅಂತ ಕೆಲವರು ಅನ್ನುತ್ತಾರೆ. ಆಷಾಢದಲ್ಲಿ ಜಿಟಿಜಿಟಿ ಮಳೆ. ನೆನೆದ ದಾರದಲ್ಲಿ ಕರೆಂಟು ಹರಿಯುತ್ತದೆ. ಹನಿ ಬಿದ್ದ ಕೂಡಲೇ ಇಳಿಸಿ.

ಖಾಲಿ ಲೇಔಟು ಅಂದಿರಿ. ಲೇಔಟಿನಲ್ಲಿ ಮನೆಗಿಂತ ಮೊದಲು ಕಂಬ ಬರುತ್ತವೆ. ಜಾಗ ಬದಲಿಸಿ. ತಂತಿಗೆ ಸಿಕ್ಕದ್ದನ್ನು ತೆಗೆಸಬೇಕಾದರೆ 1912ಕ್ಕೆ ಫೋನ್ ಮಾಡಿ. ನಾವು ಲೈನ್ ಬಂದ್ ಮಾಡಿ ತೆಗೆಯುತ್ತೇವೆ, ಬೈಯೋದಿಲ್ಲ. ಸ್ವಲ್ಪ ಬೈಯುತ್ತೇವೆ.

ಹಗರಿ ದಂಡೆ, ಬಳ್ಳಾರಿ

ಜಾಗಕ್ಕೆ ಯಾಕೆ ಯೋಚನೆ? ಹಗರಿ ಹೊಳೆಗೆ ಬನ್ನಿ. ವರ್ಷದ ಬಹುಪಾಲು ನೀರಿಗಿಂತ ಮರಳೇ ಜಾಸ್ತಿ. ಅಗಲ ಪಾತ್ರ, ಕಂಬ ಇಲ್ಲ, ಬಿದ್ದರೂ ಮೆತ್ತಗೆ. ಸೇತುವೆಯಿಂದ ದೂರ ಹೋಗಿ. ಮರಳು ತೆಗೆದ ಗುಂಡಿಗಳಿರುತ್ತವೆ, ಮಕ್ಕಳಿಗೆ ಮೊದಲೇ ಗಡಿ ತೋರಿಸಿ. ಮೇಲೆ ಎಲ್ಲಾದರೂ ಮಳೆಯಾಗಿ ನೀರು ಬರುವ ಸುದ್ದಿ ಇದ್ದರೆ ಆ ದಿನ ಬೇಡ. ಕೋಟೆ ಗುಡ್ಡ ಗಾಳಿಗೆ ಚೆನ್ನ ಅನಿಸುತ್ತದೆ, ಆದರೆ ಮೇಲೆ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡುವ ಆಟಕ್ಕೆ ಬಂಡೆ ಒಳ್ಳೆಯದಲ್ಲ.

ಭತ್ತದ ಮನೆ, ಗಂಗಾವತಿ

ಎಲ್ಲ ಗಂಡಸರೂ ಗಾಳಿ, ಸೂತ್ರ, ಕಂಬ ಅಂದಿರಿ. ಅಕ್ಕ ಕೇಳಿದ ಕೊನೆಯ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ದಾರ ಯಾರ ಕೈಯಲ್ಲಿ ಇರಬೇಕು?

ಅಕ್ಕಾ, ನಾನೂ ಚರಕಿ ಸುತ್ತಿದ ತಂಗಿಯರ ಸಂಘದವಳೇ. ನಮ್ಮ ಮನೆಯಲ್ಲಿ ಹೀಗೆ ಮಾಡಿದೆವು. ಪಟ ಎಷ್ಟೇ ಇರಲಿ, ಮೇಲೆ ಒಂದೇ ಇರಬೇಕು. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಅಲಾರಂ. ಹೊಡೆದ ಕೂಡಲೇ ದಾರ ಮುಂದಿನವರಿಗೆ. ಮೊದಲ ಸರದಿ ಚಿಕ್ಕವರದು, ಕೊನೆಯದು ಗಂಡಂದಿರದು. ಅವರು ಒಪ್ಪುವುದಿಲ್ಲ. "ಸ್ವಲ್ಪ ತಾಳು, ಈಗ ಸರಿ ಮಾಡಿ ಕೊಡ್ತೇನೆ" ಅನ್ನುತ್ತಾರೆ. ಆ ಸರಿ ಮಾಡೋದು ಸೂರ್ಯ ಮುಳುಗುವ ತನಕ ಮುಗಿಯೋಲ್ಲ. ಅದಕ್ಕೆ ಮದ್ದು ನಿಮ್ಮ ಬಳ್ಳಾರಿಯಲ್ಲೇ ಇದೆ. ಪಟ ಏರುವ ಹೊತ್ತಿಗೆ ಸರಿಯಾಗಿ ಕೈಗೆ ಬಿಸಿ ಮಿರ್ಚಿ ಕೊಡಿ. ಎಣ್ಣೆ ಕೈಯಲ್ಲಿ ದಾರ ನಿಲ್ಲೋಲ್ಲ. ಜಾರುತ್ತದೆ.

ಚಿಕ್ಕವನಿಗೆ ಚೀಟಿ ಆಟ ಕಲಿಸಿ. ಅಂಗೈಯಷ್ಟು ಕಾಗದ, ನಡುವೆ ತೂತು, ಒಂದು ಬದಿ ಸೀಳಿ ದಾರಕ್ಕೆ ಸಿಕ್ಕಿಸಿದರೆ ಗಾಳಿ ಅದನ್ನು ತಿರುಗಿಸುತ್ತಾ ತಿರುಗಿಸುತ್ತಾ ಪಟದ ತನಕ ಒಯ್ಯುತ್ತದೆ. ನಮ್ಮ ಮಕ್ಕಳು ಅದಕ್ಕೆ ಟಪಾಲು ಅನ್ನುತ್ತಾರೆ. ಏನು ಬರೆದೆ ಅಂತ ಕೇಳಬಾರದು, ಅದು ನಿಯಮ.

ಪೇಚ್‌ವಾಲಾ, ರಾಯಚೂರು

ಮಿರ್ಚಿ ಉಪಾಯ ಹೇಳಿಕೊಟ್ಟದ್ದು ದೊಡ್ಡ ಅನ್ಯಾಯ. ನಮ್ಮ ಮನೆಯಲ್ಲೂ ಈ ಪುಟ ಓದುತ್ತಾರೆ.

ದಾರದಕ್ಕ, ಬಳ್ಳಾರಿ

ಆರು ತಿಂಗಳಾಯಿತು. ಮರೆತೆ ಅಂದುಕೊಂಡಿರಾ? ಮಣ್ಣೆತ್ತಿನ ಅಮಾವಾಸ್ಯೆ ಮುಗಿಯೋದನ್ನೇ ಕಾಯುತ್ತಿದ್ದೆ. ಆಷಾಢದ ಎರಡನೇ ಭಾನುವಾರ ಹಗರಿಗೆ ಹೋಗಿದ್ದೆವು.

ಪಟ ಮಾಡೋಕೆ ಎರಡು ಸಂಜೆ ಹಿಡಿಯಿತು. ಅಟ್ಟದ ಮೇಲೆ ಅತ್ತೆಯ ಮದುವೆ ಕಾಲದ ರೊಟ್ಟಿ ಬುಟ್ಟಿ ಇತ್ತು, ತಳ ಹೋಗಿತ್ತು. ಅದನ್ನು ಬಿಚ್ಚುವಾಗ ಅತ್ತೆ ಒಂದೊಂದು ಸೀಳನ್ನೂ ಕೈಯಲ್ಲಿ ಬಗ್ಗಿಸಿ ನೋಡಿ "ಇದು ಬೇಡ, ಇದು ಆಗ್ತದೆ" ಅಂತ ಆರಿಸಿದರು. ಮನೆಯವರು ಟೈಲರ್ ಅಲ್ವಾ, ಹಾಳೆ ಕತ್ತರಿಸೋದು ಅವರ ಕೆಲಸ. ಚಾಕ್‌ಪೀಸಿನಿಂದ ಗುರುತು ಹಾಕಿ, ಪ್ಯಾಂಟಿನ ಅಳತೆ ತೆಗೆದ ಹಾಗೆ ತೆಗೆದರು. ಮಗಳು ಮೊದಲು ದೂರ ಕೂತಿದ್ದಳು. ಅನ್ನದ ಅಗಳು ಹಚ್ಚುವಾಗ ತಮ್ಮ ಗಲೀಜು ಮಾಡೋದು ನೋಡಲಾಗದೆ ಎದ್ದು ಬಂದಳು. ಒಂದು ಷರತ್ತು ಹಾಕಿದಳು. ವಾಪಸ್ ಬರುವಾಗ ದಾರದ ಒಂದು ತುಂಡೂ ಅಲ್ಲಿ ಉಳಿಯಬಾರದು, ಅದನ್ನು ನೋಡಿಕೊಳ್ಳೋದು ತಾನೇ.

ಹಗರಿಯಲ್ಲಿ ಗಾಳಿ ಪಡುವಣದಿಂದ ಬರುತ್ತಿತ್ತು, ಮಾಸ್ತರ್ ಹೇಳಿದ ಹಾಗೇ. ಮರಳಿನ ಮೇಲೆ ಕೌದಿ ಹಾಸಿ ಅತ್ತೆಯನ್ನು ಕೂರಿಸಿದೆವು. ಮೊದಲ ಸಲ ಬಿಟ್ಟಾಗ ಪಟ ಎಡಕ್ಕೆ ಗಿರಕಿ ಹೊಡೆದು ಮರಳಿಗೆ ಮೂತಿ ಇಟ್ಟಿತು. ಸೂತ್ರ ಹಿಡಿದು ಎತ್ತಿ ನೋಡಿದೆ. ಎಡಕ್ಕೇ ವಾಲುತ್ತಿತ್ತು. ಬಲಕ್ಕೆ ಅಂಟಿಸೋಕೆ ಕಾಗದ ಯಾರ ಹತ್ತಿರವೂ ಇಲ್ಲ. ಮಗ ಚಡ್ಡಿ ಜೇಬಿನಿಂದ ಬಸ್ ಟಿಕೆಟ್ ತೆಗೆದ. ಬುತ್ತಿಯ ಮೊಸರನ್ನದಿಂದ ಎರಡು ಅಗಳು ಹೆಕ್ಕಿ, ಬೆರಳಲ್ಲಿ ಒತ್ತಿ, ಟಿಕೆಟನ್ನು ಬಲಗಡೆ ಮೂಲೆಗೆ ಅಂಟಿಸಿದ. ಊದಿ ಊದಿ ಒಣಗಿಸಿದ. ಎರಡನೇ ಸಲ ನೆಟ್ಟಗೆ ಎದ್ದಿತು. ಅರ್ಧ ಟಿಕೆಟ್ಟಿನ ಪ್ರಯಾಣ.

ಗಂಗಾವತಿ ಅಕ್ಕಾ, ನೀವು ಹೇಳಿದ ಹಾಗೇ ಸರಿಯಾಗಿ ಅದೇ ಹೊತ್ತಿಗೆ ಮನೆಯವರ ಕೈಗೆ ಮಿರ್ಚಿ ಇಟ್ಟೆ. ತಿಂದರು. ಕೈ ಚಾಚಿದರು. ಇನ್ನೊಂದು ಇಟ್ಟೆ. ಮೂರನೆಯದಕ್ಕೆ ನನ್ನ ಮುಖ ನೋಡಿ, "ಗೊತ್ತಾಯ್ತು ಬಿಡು" ಅಂದು ಅತ್ತೆಯ ಪಕ್ಕ ಹೋಗಿ ಕೂತರು.

ಮಗನ ಸರದಿ, ಮಗಳ ಸರದಿ ಆಯಿತು. ಆಮೇಲೆ ನನ್ನದು.

ಹೇಗಿತ್ತು ಅಂದರೆ, ತವರಲ್ಲಿ ಬಾವಿಯಿಂದ ನೀರು ಸೇದುತ್ತಿದ್ದೆವು. ಕೊಡ ತುಂಬಿದ ಕೂಡಲೇ ಹಗ್ಗಕ್ಕೆ ಒಂದು ಭಾರ ಬರುತ್ತದಲ್ಲ, ಕೆಳಗೆ ಯಾರೋ ಹಿಡಿದುಕೊಂಡ ಹಾಗೆ. ಅದೇ ಭಾರ, ಆದರೆ ಮೇಲಿನಿಂದ. ದಾರ ಗುಂಯ್ ಅನ್ನುತ್ತದೆ, ಅದು ಕಿವಿಗಿಂತ ಮೊದಲು ಬೆರಳಿಗೆ ಕೇಳಿಸುತ್ತದೆ. ಸ್ವಲ್ಪ ಬಿಟ್ಟರೆ ಬೆನ್ನು ತಿರುಗಿಸಿ ದೂರ ಹೋಗುತ್ತದೆ, ಹಿಡಿದರೆ ಏರುತ್ತದೆ. ಅಲಾರಂ ಹೊಡೆಯಿತು. ಬಂದ್ ಮಾಡಿದೆ. ಮತ್ತೆ ಹೊಡೆಯಿತು. ಮತ್ತೆ ಬಂದ್ ಮಾಡಿದೆ. ಯಾರೂ ಏನೂ ಅನ್ನಲಿಲ್ಲ. ಮಗಳು ಮಾತ್ರ ಚರಕಿ ಹಿಡಿಯಲಾ ಅಂತ ಕೇಳಿದಳು. ಬೇಡ, ನೆಲಕ್ಕೆ ಇಡು, ನೀನು ಮೇಲೆ ನೋಡು ಅಂದೆ.

ಮಗ ಟಪಾಲು ಹಾಕಿದ. ಕೇಳಬಾರದು ಅಂತ ನಿಯಮ ಇದ್ದರೂ ಅವನೇ ಗಟ್ಟಿಯಾಗಿ ಓದುತ್ತಾ ಬರೆದ: "ಮೇಲೆ ಹೆಂಗಿದೆ?" ಚೀಟಿ ದಾರದ ನಡುವೆ ಒಂದು ಕಡೆ ನಿಂತುಬಿಟ್ಟಿತು. ಅದು ನಾನು ಎರಡು ಉಂಡೆ ಜೋಡಿಸಿ ಹಾಕಿದ ಗಂಟು. ಸ್ವಲ್ಪ ಅಲುಗಾಡಿಸಿದೆ, ದಾಟಿಹೋಯಿತು. ಪಟದ ತನಕ ಹೋಗಿ ಕೂತಿತು. ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಉತ್ತರ ಬರೋಕೆ ಎಷ್ಟೊತ್ತು?" ಅಂದರು.

ಉತ್ತರ ಬರಲಿಲ್ಲ. ಐದು ನಿಮಿಷಕ್ಕೆ ಅದೇ ಗಂಟು ಜಾರಿತು. ಕೈಯಲ್ಲಿ ಭಾರ ಇಲ್ಲದಂತಾಯಿತು, ದಾರ ಮರಳಿನ ಮೇಲೆ ಮಲಗಿತು. ಪಟ ಬಸ್ ಟಿಕೆಟ್ಟು, ಚೀಟಿ ಎಲ್ಲ ಕಟ್ಟಿಕೊಂಡು ಮೂಡಣಕ್ಕೆ, ಆಂಧ್ರದ ಕಡೆ ಹೊರಟಿತು. ಮಗಳು ಕೂಡಲೇ ಓಡಿದಳು. ಅಪ್ಪನೂ ಹಿಂದೆ ಓಡಿದರು. ಅರ್ಧ ಗಂಟೆ ಆದ ಮೇಲೆ ಆಚೆ ದಂಡೆಯ ಜಾಲಿಯಿಂದ ಬಿಡಿಸಿ ತಂದರು. ಪಟ ಹರಿದಿತ್ತು. ದಾರವನ್ನು ಮಗಳು ಮೊಣಕೈಗೆ ಸುತ್ತಿಕೊಂಡು ಬಂದಿದ್ದಳು, ಒಂದು ಎಳೆ ಬಿಡದೆ. ಅಪ್ಪನ ಕೈ ತುಂಬ ಮುಳ್ಳಿನ ಗೀರು. ಪೇಚ್‌ವಾಲಾ ಅಣ್ಣಾ, ನಿಮ್ಮ ಲೆಕ್ಕದಲ್ಲಿ ಅದೂ ಮೆಡಲ್ ಇರಬೇಕು.

ಮನೆಗೆ ಬಂದ ಮೇಲೆ ಅತ್ತೆ ದಾರವನ್ನು ಮಾರು ಹಾಕಿ ಅಳೆದರು. ನಾಲ್ಕು ಮಾರು ಕಡಿಮೆ ಬಂತು. ಮಗಳು ಒಪ್ಪುತ್ತಿಲ್ಲ, ಅಜ್ಜಿಯ ಕೈ ಉದ್ದ ಅನ್ನುತ್ತಿದ್ದಾಳೆ. ಇಬ್ಬರದೂ ಇನ್ನೂ ಮುಗಿದಿಲ್ಲ.

ಮುಂದಿನ ಭಾನುವಾರ ಮತ್ತೆ ಹೋಗೋದು ಅಂತಾಗಿದೆ. ಮಾಸ್ತರ್ರೇ, ಎರಡು ಉಂಡೆ ದಾರ ಜೋಡಿಸೋಕೆ ಜಾರದ ಗಂಟು ಯಾವುದು? ದಾರ ಕತ್ತರಿಸೋದು ಬಿಟ್ಟು ನನಗೆ ಬೇರೇನೂ ಬರೋಲ್ಲ.

ಎರೆಹೊಲದ ಮಾಸ್ತರ, ಯಲಬುರ್ಗಾ

ಎರಡೂ ತುದಿಗಳನ್ನು ಎದುರುಬದುರಾಗಿ, ಒಂದು ಗೇಣು ಜೊತೆಜೊತೆಗೆ ಇರುವಂತೆ ಇಡಿ. ಮೊದಲನೆಯ ದಾರದ ತುದಿಯಿಂದ ಎರಡನೆಯ ದಾರದ ಸುತ್ತ ಎರಡು ಸುತ್ತು ಹಾಕಿ ಗಂಟು. ಎರಡನೆಯದರ ತುದಿಯಿಂದ ಮೊದಲನೆಯದರ ಸುತ್ತ ಅದೇ ಥರ ಇನ್ನೊಂದು. ಈಗ ಉದ್ದ ದಾರಗಳನ್ನು ಎರಡೂ ಕಡೆ ಎಳೆಯಿರಿ. ಗಂಟುಗಳು ಜಾರಿ ಬಂದು ಒಂದಕ್ಕೊಂದು ಒತ್ತಿ ಕೂರುತ್ತವೆ. ಎಷ್ಟು ಎಳೆದರೆ ಅಷ್ಟು ಬಿಗಿ. ಬಿಗಿಯುವ ಮೊದಲು ಸ್ವಲ್ಪ ಎಂಜಲು ಹಚ್ಚಿ ಒದ್ದೆ ಮಾಡಿ. ತುದಿಗಳನ್ನು ಕತ್ತರಿಸುವಾಗ ಜೀನ್ಸಿನ ಹಾಗೆ ಬುಡಕ್ಕೇ ಕತ್ತರಿಸಬೇಡಿ, ಅರ್ಧ ಬೆರಳು ಬಿಡಿ.